ಮಳೆಗಾಲದ ಜ್ವರ ಮತ್ತು ಕಂಪ್ಯೂಟರ್: ರೋಗನಿದಾನದಲ್ಲಿ ವೈದ್ಯರಿಗೆ ಸಲಹೆ ಕೊಡುವ ಪರಿಣತ ವ್ಯವಸ್ಥೆಯನ್ನು ಕಟ್ಟಲು ಒಂದು ಸಮಗ್ರ ಮಾರ್ಗದರ್ಶಿ

ಜುಲೈ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಬದಿಯಡ್ಕಕ್ಕೆ ಹೋಗುವ ದಾರಿಯ ಯಾವ ಕ್ಲಿನಿಕ್ಕಿಗೆ ಹೋದರೂ ಬೆಂಚಿನಲ್ಲಿ ಕುಳಿತವರಲ್ಲಿ ಹೆಚ್ಚಿನವರು ಜ್ವರದವರೇ ಆಗಿರುತ್ತಾರೆ. ಮೂರು ದಿನದ ಜ್ವರ, ತಲೆನೋವು, ಮೈಕೈ ನೋವು, ಬಾಯಿಗೆ ರುಚಿಯಿಲ್ಲ ಎಂಬ ನಾಲ್ಕು ಮಾತುಗಳ ಹಿಂದೆ ಡೆಂಗಿ ಇರಬಹುದು, ಇಲಿಜ್ವರ ಇರಬಹುದು, ಮಲೇರಿಯಾ, ಸ್ಕ್ರಬ್ ಟೈಫಸ್ ಅಥವಾ ಟೈಫಾಯಿಡ್ ಇರಬಹುದು, ಏನೂ ಇಲ್ಲದ ಸಾಮಾನ್ಯ ವೈರಲ್ ಜ್ವರವೂ ಇರಬಹುದು. ಮೊದಲ ಎರಡು ಮೂರು ದಿನ ಇವೆಲ್ಲ ಒಂದೇ ಮುಖ ತೋರಿಸುತ್ತವೆ, ಆದರೆ ಇವುಗಳ ಚಿಕಿತ್ಸೆ ಬೇರೆ ಬೇರೆ. ಇಲಿಜ್ವರಕ್ಕೂ ಸ್ಕ್ರಬ್ ಟೈಫಸ್‌ಗೂ ಪ್ರತಿಜೀವಕವನ್ನು ತಡಮಾಡದೆ ಕೊಡಬೇಕು. ಡೆಂಗಿಗೆ ಪ್ರತಿಜೀವಕದಿಂದ ಉಪಯೋಗವಿಲ್ಲ, ಅಲ್ಲಿ ದ್ರವದ ಲೆಕ್ಕವೇ ಜೀವ ಉಳಿಸುವುದು, ಮತ್ತು ನೋವಿಗೆಂದು ಕೊಡುವ ಐಬುಪ್ರೊಫೆನ್‌ನಂಥ ಮಾತ್ರೆಗಳು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ.

ಈ ಮಾರ್ಗದರ್ಶಿಯ ವಿಷಯ ಇಂಥ ಹೊತ್ತಿನಲ್ಲಿ ವೈದ್ಯರ ಪಕ್ಕದಲ್ಲಿದ್ದು, ಅವರು ಕೇಳಲು ಮರೆತ ಪ್ರಶ್ನೆಯನ್ನು ನೆನಪಿಸುವ, ತನ್ನ ಸಲಹೆಗೆ ಕಾರಣವನ್ನು ಹೇಳಬಲ್ಲ ಒಂದು ಕಂಪ್ಯೂಟರ್ ವ್ಯವಸ್ಥೆಯನ್ನು ಕಟ್ಟುವ ಬಗೆ. ನಾನು ಸಾಫ್ಟ್‌ವೇರ್ ಕೆಲಸದವನು, ವೈದ್ಯನಲ್ಲ. ಗಡಿನಾಡಿನ ಒಂದು ಸಣ್ಣ ಆಸ್ಪತ್ರೆಯ ವೈದ್ಯರೊಂದಿಗೆ ಕೂತು ಜ್ವರಕ್ಕೆಂದೇ ಇಂಥದ್ದೊಂದು ವ್ಯವಸ್ಥೆಯನ್ನು ಕಟ್ಟಿ, ತಿದ್ದಿ, ಮತ್ತೆ ಕಟ್ಟಿದ ಅನುಭವದಿಂದ ಬರೆಯುತ್ತಿದ್ದೇನೆ. ಪ್ರೋಗ್ರಾಂ ಬರೆಯುವುದು ಈ ಕೆಲಸದ ಸಣ್ಣ ಭಾಗ. ವೈದ್ಯರ ತಲೆಯಲ್ಲಿರುವುದನ್ನು, ಅದರಲ್ಲಿಯೂ ಈ ಮಣ್ಣಿಗೆ, ಈ ಮಳೆಗೆ, ಈ ಕಸುಬುಗಳಿಗೆ ಅಂಟಿಕೊಂಡಿರುವ ತಿಳಿವಳಿಕೆಯನ್ನು, ಕೆಡಿಸದೆ ಕಾಗದಕ್ಕೆ ಇಳಿಸುವುದೇ ದೊಡ್ಡ ಭಾಗ.

ಹಿಂದಿನವರು ಕಲಿಸಿದ್ದು

ಈ ದಾರಿಯಲ್ಲಿ ಮೊದಲು ನಡೆದವರ ಅನುಭವವನ್ನು ತಿಳಿಯದೆ ಕೆಲಸ ಆರಂಭಿಸಬಾರದು. ವೈದ್ಯರು ರೋಗವನ್ನು ಗುರುತಿಸುವ ಬಗೆಯನ್ನು ತರ್ಕ ಮತ್ತು ಸಂಭವನೀಯತೆಯ ಲೆಕ್ಕವಾಗಿ ಬರೆಯಬಹುದೆಂದು ಅಮೆರಿಕದ ಲೆಡ್ಲಿ ಮತ್ತು ಲಸ್ಟೆಡ್ 1959ರಲ್ಲಿ ತೋರಿಸಿದರು. 1972ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಡಿ ಡೊಂಬಾಲ್ ಮತ್ತು ಸಂಗಡಿಗರು ತೀವ್ರ ಹೊಟ್ಟೆನೋವಿನ 304 ರೋಗಿಗಳ ಮೇಲೆ ತಮ್ಮ ವ್ಯವಸ್ಥೆಯನ್ನು ಪರೀಕ್ಷಿಸಿದಾಗ ಕಂಪ್ಯೂಟರಿನ ನಿದಾನ ಶೇಕಡಾ 91.8ರಷ್ಟು ಸರಿಯಾಗಿತ್ತು, ಅಲ್ಲಿನ ಹಿರಿಯ ವೈದ್ಯರದು ಶೇಕಡಾ 79.6. ಈ ಅಂಕಿಯನ್ನು ಎಲ್ಲರೂ ಹೇಳುತ್ತಾರೆ, ಆದರೆ ಅದರ ಜೊತೆಗಿನ ಎರಡು ವಿಷಯಗಳು ನಮಗೆ ಇನ್ನೂ ಮುಖ್ಯ. ಲೀಡ್ಸ್‌ನಲ್ಲಿ ಸಂಗ್ರಹಿಸಿದ ಅಂಕಿಗಳನ್ನೇ ಬೇರೆ ದೇಶದ ಆಸ್ಪತ್ರೆಗೆ ಒಯ್ದಾಗ ನಿಖರತೆ ಕುಗ್ಗಿತು. ಮತ್ತು ಕಂಪ್ಯೂಟರಿಗಾಗಿ ರೋಗಿಯ ವಿವರಗಳನ್ನು ಒಂದು ಕ್ರಮಬದ್ಧ ನಮೂನೆಯಲ್ಲಿ ತುಂಬಲು ತೊಡಗಿದ ಮೇಲೆ ವೈದ್ಯರ ಸ್ವಂತ ನಿದಾನವೂ ಉತ್ತಮವಾಯಿತು.

ಅದೇ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಡ್ವರ್ಡ್ ಶಾರ್ಟ್‌ಲಿಫ್ ಮತ್ತು ಸಂಗಡಿಗರು ಕಟ್ಟಿದ ಮೈಸಿನ್, ರಕ್ತದ ಸೋಂಕು ಮತ್ತು ಮೆನಿಂಜೈಟಿಸ್‌ಗೆ ಯಾವ ಪ್ರತಿಜೀವಕ ಸೂಕ್ತ ಎಂದು ಸುಮಾರು 600 ನಿಯಮಗಳಿಂದ ಲೆಕ್ಕ ಹಾಕುತ್ತಿತ್ತು. 1979ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸಲಹೆ ಯಾರದೆಂದು ತಿಳಿಸದೆ ತಜ್ಞರ ಮುಂದಿಟ್ಟಾಗ, ಮೈಸಿನ್‌ನ ಸಲಹೆಗಳಲ್ಲಿ ಶೇಕಡಾ 65ನ್ನು ಅವರು ಒಪ್ಪಿದರು. ಹೋಲಿಸಿದ ಪ್ರಾಧ್ಯಾಪಕರಲ್ಲಿ ಯಾರೂ ಆ ಮಟ್ಟವನ್ನು ಮುಟ್ಟಲಿಲ್ಲ. ಆದರೂ ಅದು ವಾರ್ಡಿನ ನಿತ್ಯದ ಕೆಲಸಕ್ಕೆ ಎಂದೂ ಬರಲಿಲ್ಲ. ವಿವರಗಳನ್ನೆಲ್ಲ ವೈದ್ಯರೇ ಕೂತು ಟೈಪ್ ಮಾಡಬೇಕಾಗಿತ್ತು, ಅಷ್ಟು ಸಮಯ ಅವರಲ್ಲಿ ಇರಲಿಲ್ಲ. ಪಿಟ್ಸ್‌ಬರ್ಗ್‌ನ ಜಾಕ್ ಮೈಯರ್ಸ್ ಎಂಬ ಹಿರಿಯ ವೈದ್ಯರ ಜ್ಞಾನವನ್ನು ಆಧರಿಸಿದ ಇಂಟರ್ನಿಸ್ಟ್ ಇನ್ನೊಂದು ದೊಡ್ಡ ಪ್ರಯತ್ನ. ಅದರ ಒಂದು ಉಪಾಯವನ್ನು ಮುಂದೆ ನೇರವಾಗಿ ಎರವಲು ಪಡೆಯಲಿದ್ದೇವೆ.

ಹಂತ 1: ಗೆರೆ ಎಳೆದುಕೊಳ್ಳುವುದು

ಎಲ್ಲ ರೋಗಗಳನ್ನೂ ಹೇಳುವ ವ್ಯವಸ್ಥೆಯನ್ನು ಕಟ್ಟಲು ಹೊರಟವರು ಯಾವುದನ್ನೂ ಮುಗಿಸುವುದಿಲ್ಲ. ಮೊದಲ ದಿನವೇ ಮೂರು ಸಾಲು ಬರೆದು, ಜೊತೆಯಲ್ಲಿ ಕೆಲಸ ಮಾಡುವ ವೈದ್ಯರ ಒಪ್ಪಿಗೆ ಪಡೆಯಬೇಕು: ಯಾವ ರೋಗಿಗೆ, ಯಾವ ಘಟ್ಟದಲ್ಲಿ, ಯಾವ ತೀರ್ಮಾನಕ್ಕೆ ನೆರವು. ನಮ್ಮದು ಹೀಗಿತ್ತು: ಹದಿನಾಲ್ಕು ವರ್ಷ ದಾಟಿದವರು, ಹದಿನಾಲ್ಕು ದಿನಕ್ಕಿಂತ ಕಡಿಮೆ ಅವಧಿಯ ಜ್ವರ, ಹೊರರೋಗಿ ವಿಭಾಗದ ಮೊದಲ ಭೇಟಿ, ಯಾವ ರೋಗಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು, ಇಂದೇ ಯಾವ ಪರೀಕ್ಷೆ ಮಾಡಿಸಬೇಕು, ಯಾರನ್ನು ಮನೆಗೆ ಕಳುಹಿಸಬಾರದು ಎಂಬಷ್ಟಕ್ಕೆ ಮಾತ್ರ ಸಲಹೆ. ಗರ್ಭಿಣಿಯರನ್ನು ಮೊದಲ ಆವೃತ್ತಿಯಿಂದ ಹೊರಗಿಟ್ಟೆವು. ಅವರ ವಿವರ ತುಂಬಿದರೆ ವ್ಯವಸ್ಥೆಯು ‘ಇದು ನನ್ನ ವ್ಯಾಪ್ತಿಯಲ್ಲಿಲ್ಲ’ ಎಂದು ಹೇಳಿ ನಿಲ್ಲುವಂತೆ ಮಾಡಿದೆವು. ಹೀಗೆ ಸುಮ್ಮನಾಗುವುದನ್ನು ಕಲಿಸುವುದು ಉತ್ತರ ಕೊಡುವುದನ್ನು ಕಲಿಸುವಷ್ಟೇ ಮುಖ್ಯ.

‘ಯಾರನ್ನು ಮನೆಗೆ ಕಳುಹಿಸಬಾರದು’ ಎಂಬ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ವಿಶೇಷ ತೂಕವಿದೆ. ಕಾಸರಗೋಡಿನ ಉತ್ತರ ಭಾಗದ ಜನ ದೊಡ್ಡ ಚಿಕಿತ್ಸೆಗೆ ಮಂಗಳೂರನ್ನೇ ನಂಬಿದವರು. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾರಣ ಕೇರಳ–ಕರ್ನಾಟಕದ ನಡುವಿನ ತಲಪಾಡಿಯ ಗಡಿ ಮುಚ್ಚಿದಾಗ ಆ ನಂಬಿಕೆ ಎಷ್ಟು ತೆಳುವಾದ ದಾರದ ಮೇಲೆ ನಿಂತಿದೆ ಎಂಬುದು ಎಲ್ಲರಿಗೂ ಅರ್ಥವಾಯಿತು. ದೂರದ ಆಸ್ಪತ್ರೆಗೆ ಕಳುಹಿಸುವ ತೀರ್ಮಾನವನ್ನು ಒಂದು ದಿನ ಮೊದಲೇ ತೆಗೆದುಕೊಳ್ಳಲು ನೆರವಾದರೆ ಅದೇ ಈ ವ್ಯವಸ್ಥೆಯ ದೊಡ್ಡ ಸೇವೆ.

ಹಂತ 2: ವೈದ್ಯರಿಂದ ತಿಳಿವಳಿಕೆಯನ್ನು ಪಡೆಯುವುದು

‘ಇಲಿಜ್ವರವನ್ನು ಹೇಗೆ ಗುರುತಿಸುತ್ತೀರಿ?’ ಎಂದು ಕೇಳಿದರೆ ಯಾವ ವೈದ್ಯರಾದರೂ ಪಠ್ಯಪುಸ್ತಕದಲ್ಲಿರುವುದನ್ನೇ ಹೇಳುತ್ತಾರೆ. ಅವರ ನಿಜವಾದ ಪರಿಣತಿ ಪ್ರಕರಣದ ಮುಂದೆ ಕೂತಾಗ ಮಾತ್ರ ಹೊರಬರುತ್ತದೆ. ಆದ್ದರಿಂದ ಹಳೆಯ ಚೀಟಿಗಳನ್ನು, ಹೆಸರು ವಿಳಾಸ ಅಳಿಸಿ, ಒಂದೊಂದಾಗಿ ಮುಂದಿಡಬೇಕು. ವಿವರಗಳನ್ನು ಒಮ್ಮೆಗೇ ಕೊಡದೆ, ವಯಸ್ಸು ಮತ್ತು ಜ್ವರದ ದಿನಗಳನ್ನು ಮಾತ್ರ ತಿಳಿಸಿ, ‘ಈಗ ಏನು ಕೇಳುತ್ತೀರಿ?’ ಎನ್ನಬೇಕು. ಅವರು ಕೇಳಿದ ಪ್ರಶ್ನೆಯನ್ನು, ಅದರ ಉತ್ತರದ ನಂತರ ಅವರ ಮನಸ್ಸು ಯಾವ ಕಡೆಗೆ ವಾಲಿತು ಎಂಬುದನ್ನು ಬರೆದುಕೊಳ್ಳುತ್ತ ಹೋಗಬೇಕು. ಒಂದು ಗಂಟೆಗೆ ಐದಾರು ಪ್ರಕರಣಗಳಿಗಿಂತ ಹೆಚ್ಚು ಆಗುವುದಿಲ್ಲ, ಆಗಲೂಬಾರದು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಇಲಿಜ್ವರದ ಪ್ರಮುಖ ಚಿಹ್ನೆಗಳು ಕಣ್ಣು ಕೆಂಪಾಗುವುದು ಮತ್ತು ಮೀನಖಂಡದ ನೋವು. ಎರಡನ್ನೂ ನಿಯಮದಲ್ಲಿ ಬರೆದು ತೋರಿಸಿದಾಗ ಹಿರಿಯ ವೈದ್ಯರೊಬ್ಬರು ತಲೆಯಾಡಿಸಿ, ‘ಇವ ಅಡಿಕೆ ಮರ ಹತ್ತುವವನೋ ಎಂದು ಮೊದಲು ಕೇಳಿ’ ಎಂದರು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸದಲ್ಲಿರುವವನು ದಿನವಿಡೀ ಮರ ಹತ್ತಿ ಇಳಿಯುತ್ತಾನೆ, ಅವನ ಮೀನಖಂಡ ಜ್ವರವಿಲ್ಲದೆಯೂ ನೋಯುತ್ತದೆ. ಮೈಲುತುತ್ತು ಮತ್ತು ಸುಣ್ಣದ ದ್ರಾವಣ ಕಣ್ಣಿಗೆ ಹಾರಿದರೆ ಕಣ್ಣೂ ಕೆಂಪಾಗುತ್ತದೆ. ಹಾಗೆಂದು ಆ ಚಿಹ್ನೆಗಳನ್ನು ಬಿಟ್ಟುಬಿಡುವಂತಿಲ್ಲ, ಏಕೆಂದರೆ ಅದೇ ತೋಟದ ಕಣಿಯ ನೀರಿನಲ್ಲಿ ಬರಿಗಾಲಲ್ಲಿ ನಿಲ್ಲುವವನಿಗೆ ಇಲಿಜ್ವರದ ಅಪಾಯವೂ ಹೆಚ್ಚು. ಅಂದು ನಮ್ಮ ನಿಯಮ ಬದಲಾಯಿತು: ‘ಮೀನಖಂಡದ ನೋವು’, ‘ಕೆಂಪು ಕಣ್ಣು’ ಎಂಬ ಹಳೆಯ ಪ್ರಶ್ನೆಗಳು ಹೋಗಿ, ‘ವೈದ್ಯರು ಬೆರಳಿನಿಂದ ಒತ್ತಿದಾಗ ಮೀನಖಂಡ ನೋಯುತ್ತದೆಯೇ’ ಮತ್ತು ‘ಕಣ್ಣಿನಲ್ಲಿ ಪಿಸುರಿಲ್ಲದೆ, ಎರಡೂ ಕಣ್ಣು ಒಂದೇ ಸಮ ಕೆಂಪಾಗಿದೆಯೇ’ ಎಂಬ ಎರಡು ಪ್ರಶ್ನೆಗಳು ಬಂದವು, ಕಸುಬಿನ ಪ್ರಶ್ನೆ ಎಲ್ಲಕ್ಕಿಂತ ಮೊದಲಿಗೆ ಹೋಯಿತು.

ಸಾಧ್ಯವಾದರೆ ಮೂವರು ವೈದ್ಯರ ಜೊತೆ ಪ್ರತ್ಯೇಕವಾಗಿ ಕೂರಬೇಕು. ಅವರ ಅಭಿಪ್ರಾಯ ಬೇರೆಯಾದಲ್ಲಿ ಸರಾಸರಿ ತೆಗೆಯಬಾರದು. ಮೂವರನ್ನೂ ಒಟ್ಟಿಗೆ ಕೂರಿಸಿ ಕಾರಣ ಕೇಳಬೇಕು. ಭಿನ್ನಾಭಿಪ್ರಾಯ ಇರುವಲ್ಲಿಯೇ ಒಳ್ಳೆಯ ನಿಯಮ ಹುಟ್ಟುತ್ತದೆ.

ಹಂತ 3: ಏಳು ಭಾಷೆಗಳಿಗೆ ಒಂದು ಪದಕೋಶ

ನಮ್ಮದು ಸಪ್ತಭಾಷೆಗಳ ನೆಲ. ರೋಗಿ ಮಲಯಾಳದಲ್ಲಿ ‘ಪನಿ’ ಎಂದರೆ ಜ್ವರ. ಅದೇ ಸದ್ದು ತುಳುವಿನಲ್ಲಿ ತುಂತುರು ಮಳೆ. ‘ಎಲಿಪ್ಪನಿ’ ಎಂದರೆ ಇಲಿಜ್ವರ, ‘ಮಞ್ಞಪ್ಪಿತ್ತಂ’ ಎಂದರೆ ಕಾಮಾಲೆ, ‘ತರೆಬೇನೆ’ ಎಂದರೆ ತುಳುವಿನಲ್ಲಿ ತಲೆನೋವು. ‘ಸಂಕಟ ಆಗ್ತದೆ’ ಎಂಬ ಮಾತು ಹೊಟ್ಟೆ ತೊಳಸುವುದೋ, ಎದೆಯ ಹಿಂಸೆಯೋ, ಬರಿಯ ಆಯಾಸವೋ ಎಂಬುದು ಹೇಳುವವರನ್ನು ಅವಲಂಬಿಸಿದೆ. ಪ್ರತಿಯೊಂದು ಚಿಹ್ನೆಗೂ ವ್ಯವಸ್ಥೆಯೊಳಗೆ ಒಂದೇ ಸಂಕೇತ ಇರಬೇಕು, ಅದರ ಕೆಳಗೆ ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಆಡುಮಾತುಗಳು ಸೇರಬೇಕು. ‘ಸಂಕಟ’ದಂಥ ಎರಡರ್ಥದ ಪದ ಬಂದಾಗ ವ್ಯವಸ್ಥೆಯು ಊಹಿಸಬಾರದು, ಮರುಪ್ರಶ್ನೆ ಕೇಳಬೇಕು. ಈ ಪಟ್ಟಿಯನ್ನು ತಯಾರಿಸಲು ವೈದ್ಯರಿಗಿಂತ ಓಪಿ ಚೀಟಿ ಬರೆಯುವ ನರ್ಸ್‌ಗಳೂ ಆಶಾ ಕಾರ್ಯಕರ್ತೆಯರೂ ಹೆಚ್ಚು ಸಹಾಯ ಮಾಡುತ್ತಾರೆ.

ಒಳಗಿನ ಸಂಕೇತಗಳನ್ನು ಸ್ವಂತವಾಗಿ ಹುಟ್ಟಿಸುವ ಅಗತ್ಯವಿಲ್ಲ. ರೋಗಗಳಿಗೆ ಐಸಿಡಿ, ಚಿಹ್ನೆಗಳಿಗೆ ಸ್ನೋಮೆಡ್ ಸಿಟಿ, ಪ್ರಯೋಗಾಲಯದ ಪರೀಕ್ಷೆಗಳಿಗೆ ಲಾಯಿಂಕ್ ಎಂಬ ಅಂತಾರಾಷ್ಟ್ರೀಯ ಪಟ್ಟಿಗಳಿವೆ. ಅವನ್ನು ಬಳಸಿದರೆ ಮುಂದೆ ಬೇರೆ ಆಸ್ಪತ್ರೆಯ ಸಾಫ್ಟ್‌ವೇರಿನ ಜೊತೆ ಮಾಹಿತಿ ಹಂಚಿಕೊಳ್ಳುವಾಗ ಕಷ್ಟವಾಗುವುದಿಲ್ಲ.

ಹಂತ 4: ನಿಯಮಗಳನ್ನು ಬರೆಯುವುದು

ಪರಿಣತ ವ್ಯವಸ್ಥೆಗೆ ಎರಡು ಭಾಗಗಳು: ತಿಳಿವಳಿಕೆಯನ್ನು ಇಟ್ಟುಕೊಳ್ಳುವ ಜ್ಞಾನಭಂಡಾರ, ಅದನ್ನು ರೋಗಿಯ ವಿವರಗಳ ಮೇಲೆ ಪ್ರಯೋಗಿಸುವ ತರ್ಕಯಂತ್ರ. ಇವೆರಡನ್ನೂ ಬೇರೆಯಾಗಿಯೇ ಇಡಬೇಕು. ನಿಯಮಗಳು ಪ್ರೋಗ್ರಾಮಿನ ಸಾಲುಗಳ ನಡುವೆ ಹೂತುಹೋದರೆ ವೈದ್ಯರು ಅವನ್ನು ಓದಲಾರರು, ಓದಲಾಗದ್ದನ್ನು ತಿದ್ದಲಾರರು. ನಮ್ಮ ಒಂದು ನಿಯಮ ಕಡತದಲ್ಲಿ ಹೀಗಿತ್ತು:

ನಿಯಮ 14
ಜ್ವರ ಆರಂಭವಾಗಿ 3ರಿಂದ 7 ದಿನಗಳಾಗಿದ್ದು, ಮತ್ತು
ಕಳೆದ ಒಂದು ದಿನದಲ್ಲಿ ಜ್ವರ ಇಳಿದಿದ್ದು, ಮತ್ತು
ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ಅಥವಾ ಮೂಗಿನಲ್ಲಿ ರಕ್ತ, ವಿಪರೀತ ಮಂಕು — ಇವುಗಳಲ್ಲಿ ಒಂದಾದರೂ ಇದ್ದರೆ,
ಡೆಂಗಿಯ ಅಪಾಯದ ಘಟ್ಟ ಇರಬಹುದೆಂದು ಎಚ್ಚರಿಸು. ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಮತ್ತು ಪ್ಲೇಟ್‌ಲೆಟ್ ಎಣಿಕೆಯನ್ನು ಇಂದೇ ನೋಡಲು, ರೋಗಿಯನ್ನು ಉಳಿಸಿಕೊಳ್ಳಲು ಸೂಚಿಸು.
ಕಾರಣ: ಡೆಂಗಿಯಲ್ಲಿ ರಕ್ತನಾಳಗಳಿಂದ ದ್ರವ ಸೋರುವುದು ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿಗೇ.
ಒಪ್ಪಿದವರು, ಒಪ್ಪಿದ ದಿನ, ಮರುಪರಿಶೀಲನೆಯ ದಿನ.

‘ಕಾರಣ’ ಎಂಬ ಸಾಲು ಅಲಂಕಾರಕ್ಕಲ್ಲ. ಜ್ವರ ಬಿಟ್ಟಿತು, ಇನ್ನು ಹೆದರಿಕೆಯಿಲ್ಲ ಎಂದು ಮನೆಯವರು ಹೊರಡಲು ಸಿದ್ಧರಾಗುವ ಹೊತ್ತಿನಲ್ಲಿ ಈ ಎಚ್ಚರಿಕೆ ಬರುತ್ತದೆ. ಯಾಕೆಂದು ತಿಳಿಸದಿದ್ದರೆ ಕಿರಿಯ ವೈದ್ಯರಿಗೂ ಅದು ವಿಚಿತ್ರವಾಗಿ ಕಾಣುತ್ತದೆ. ಮರುಪರಿಶೀಲನೆಯ ದಿನ ಇಲ್ಲದ ನಿಯಮವನ್ನು ಕಡತಕ್ಕೆ ಸೇರಿಸಲೇಬಾರದು.

ಇಲ್ಲಿ ನಾವು ಮಾಡಿದ ಒಂದು ತಪ್ಪನ್ನು ವಿವರವಾಗಿ ಹೇಳಬೇಕು, ಏಕೆಂದರೆ ಹೊಸದಾಗಿ ಕಟ್ಟುವವರೆಲ್ಲ ಇಲ್ಲಿ ಎಡವುತ್ತಾರೆ. ಸ್ಕ್ರಬ್ ಟೈಫಸ್‌ನಲ್ಲಿ ಚಿಗಟದಂಥ ಸಣ್ಣ ಹುಳದ ಮರಿ ಕಚ್ಚಿದ ಜಾಗದಲ್ಲಿ, ಬೀಡಿಯಿಂದ ಸುಟ್ಟಂತೆ ಕಾಣುವ ಕಪ್ಪು ಹಕ್ಕಳೆಯೊಂದು ಕಾಣಿಸಬಹುದು. ಅದು ಕಂಡರೆ ನಿದಾನ ಬಹುತೇಕ ಮುಗಿದಂತೆ. ಆದರೆ ಅದಿರುವುದು ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ, ಸ್ತನದ ಕೆಳಗೆ, ಸೊಂಟದ ಪಟ್ಟಿಯಡಿಯಲ್ಲಿ. ಜನ ತುಂಬಿದ ಓಪಿಯಲ್ಲಿ ಬಟ್ಟೆ ಸರಿಸಿ ನೋಡುವುದು ಎಷ್ಟೋ ಸಲ ಆಗುವುದಿಲ್ಲ. ನಮ್ಮ ಮೊದಲ ನಮೂನೆಯಲ್ಲಿ ಆ ಪ್ರಶ್ನೆಗೆ ಒಂದು ಚೌಕ ಮಾತ್ರ ಇತ್ತು; ಗುರುತು ಹಾಕದಿದ್ದರೆ ಪ್ರೋಗ್ರಾಂ ಅದನ್ನು ‘ಇಲ್ಲ’ ಎಂದು ತಿಳಿದು ಸ್ಕ್ರಬ್ ಟೈಫಸ್‌ನ ಸಾಧ್ಯತೆಯನ್ನು ಕೆಳಗಿಳಿಸುತ್ತಿತ್ತು. ಹಳೆಯ ಪ್ರಕರಣಗಳನ್ನು ಮತ್ತೆ ಓಡಿಸಿದಾಗ, ನಂತರ ಸ್ಕ್ರಬ್ ಟೈಫಸ್ ಎಂದು ದೃಢವಾದ ರೋಗಿಯೊಬ್ಬರು ಪಟ್ಟಿಯ ಕೊನೆಯಲ್ಲಿದ್ದರು. ವೈದ್ಯರು ನೋಡಿಯೇ ಇರಲಿಲ್ಲ, ಯಂತ್ರ ‘ನೋಡಿದ್ದಾರೆ, ಇಲ್ಲ’ ಎಂದು ಓದಿಕೊಂಡಿತ್ತು. ಆದ್ದರಿಂದ ಪ್ರತಿ ಚಿಹ್ನೆಗೂ ‘ಇದೆ’, ‘ನೋಡಿದೆ, ಇಲ್ಲ’, ‘ನೋಡಿಲ್ಲ’ ಎಂಬ ಮೂರು ಉತ್ತರಗಳಿರಬೇಕು. ‘ನೋಡಿಲ್ಲ’ ಎಂಬುದು ಯಾವ ರೋಗದ ತೂಕವನ್ನೂ ಇಳಿಸಬಾರದು, ಬದಲಿಗೆ ‘ಕಂಕುಳು, ತೊಡೆಸಂದಿ ನೋಡಿದಿರಾ?’ ಎಂಬ ನೆನಪೋಲೆಯನ್ನು ಎಬ್ಬಿಸಬೇಕು.

ಹಂತ 5: ಅನಿಶ್ಚಿತತೆಗೆ ಅಂಕಿ ಕೊಡುವುದು

ಯಾವ ಚಿಹ್ನೆಯೂ ಪೂರ್ಣ ಸಾಕ್ಷಿಯಲ್ಲ, ಆದ್ದರಿಂದ ತೂಕ ಬೇಕು. ವೈದ್ಯರನ್ನು ‘ಇದಕ್ಕೆ ಶೇಕಡಾ ಎಷ್ಟು?’ ಎಂದು ಕೇಳಿದರೆ ಅವರು ಹಿಂಜರಿಯುತ್ತಾರೆ. ಇಂಟರ್ನಿಸ್ಟ್‌ನ ಉಪಾಯ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪ್ರತಿ ಚಿಹ್ನೆ ಮತ್ತು ರೋಗದ ಜೋಡಿಗೆ ಎರಡು ಪ್ರಶ್ನೆ ಕೇಳಬೇಕು: ಈ ಚಿಹ್ನೆ ಕಂಡಾಗ ಈ ರೋಗ ಎಷ್ಟು ಬಲವಾಗಿ ನೆನಪಾಗುತ್ತದೆ, 0ಯಿಂದ 5ರವರೆಗೆ, ಈ ರೋಗ ಇದ್ದವರಲ್ಲಿ ಈ ಚಿಹ್ನೆ ಎಷ್ಟು ಸಲ ಇರುತ್ತದೆ, 1ರಿಂದ 5ರವರೆಗೆ. ಕಪ್ಪು ಹಕ್ಕಳೆಗೆ ಮೊದಲ ಅಂಕಿ ದೊಡ್ಡದು, ಎರಡನೆಯದು ಸಣ್ಣದು. ಕಂಡರೆ ಸ್ಕ್ರಬ್ ಟೈಫಸ್ ಎನ್ನಬಹುದು, ಕಾಣದಿದ್ದರೆ ಅಲ್ಲವೆನ್ನುವಂತಿಲ್ಲ. ಡೆಂಗಿಯ ತಲೆನೋವು ಇದಕ್ಕೆ ತದ್ವಿರುದ್ಧ: ಬಹುತೇಕ ಎಲ್ಲರಲ್ಲಿಯೂ ಇರುತ್ತದೆ, ಆದರೆ ತಲೆನೋವು ಕೇಳಿ ಯಾರಿಗೂ ಡೆಂಗಿ ನೆನಪಾಗುವುದಿಲ್ಲ. ಈ ಎರಡು ದಿಕ್ಕುಗಳನ್ನು ಕಲೆಸಿಬಿಡುವುದೇ ಕೆಟ್ಟ ವ್ಯವಸ್ಥೆಗಳ ಮೂಲದೋಷ.

ದಾಖಲೆಗಳು ಸಾಕಷ್ಟಿದ್ದರೆ, ಹೊಸ ಸಾಕ್ಷಿ ಸಿಕ್ಕಂತೆ ಸಾಧ್ಯತೆಯನ್ನು ತಿದ್ದುತ್ತ ಹೋಗುವ ಬೇಯ್ಸ್ ಸೂತ್ರದ ದಾರಿ ಹಿಡಿಯಬಹುದು. ಲೆಕ್ಕವನ್ನು ತಿಳಿಯಲು ಕಲ್ಪಿತ ಅಂಕಿಗಳನ್ನು ತೆಗೆದುಕೊಳ್ಳೋಣ. ನೂರು ಜ್ವರದವರಲ್ಲಿ ಐದು ಮಂದಿಗೆ ಇಲಿಜ್ವರ ಎಂದಿಟ್ಟುಕೊಂಡರೆ ಆರಂಭದ ಪ್ರಮಾಣ, ಅಂದರೆ ರೋಗ ಇದ್ದವರಿಗೂ ಇಲ್ಲದವರಿಗೂ ಇರುವ ಅನುಪಾತ, 5ಕ್ಕೆ 95. ‘ಕೆಸರು ನೀರಿನಲ್ಲಿ ಕೆಲಸ’ ಎಂಬ ಸಂಗತಿ ಇಲಿಜ್ವರದವರಲ್ಲಿ ಉಳಿದವರಿಗಿಂತ ಮೂರು ಪಟ್ಟು ಹೆಚ್ಚು ಕಾಣುತ್ತದೆ ಎಂದಾದರೆ ಪ್ರಮಾಣ 15ಕ್ಕೆ 95, ಅಂದರೆ ಸುಮಾರು ಶೇಕಡಾ 14. ಈಗ ಯಾರೋ ಅದೇ ಪಟ್ಟಿಗೆ ‘ಬರಿಗಾಲು’ ಮತ್ತು ‘ಕಾಲಿನಲ್ಲಿ ಗಾಯ’ ಎಂಬ ಇನ್ನೆರಡು ಪ್ರಶ್ನೆ ಸೇರಿಸಿ ಅವಕ್ಕೂ ಮೂರು ಮೂರು ಪಟ್ಟು ಕೊಟ್ಟರೆ ಪ್ರಮಾಣ 135ಕ್ಕೆ 95 ಆಗಿ, ಸಾಧ್ಯತೆ ಶೇಕಡಾ 59ಕ್ಕೆ ಜಿಗಿಯುತ್ತದೆ. ಆದರೆ ಗದ್ದೆಗೆ ಇಳಿಯುವವನು ಬರಿಗಾಲಲ್ಲೇ ಇಳಿಯುತ್ತಾನೆ, ಬರಿಗಾಲಿನವನಿಗೇ ಗಾಯವಾಗುವುದು; ಬಹುಮಟ್ಟಿಗೆ ಒಂದೇ ಸಂಗತಿಯನ್ನು ನಾವು ಮೂರು ಸಲ ಎಣಿಸಿದ್ದೇವೆ. ಒಟ್ಟೊಟ್ಟಿಗೆ ಬರುವ ಸಂಗತಿಗಳನ್ನು ಒಂದು ಗುಂಪಾಗಿಸಿ ಗುಂಪಿಗೆ ಒಂದೇ ತೂಕ ಕೊಡುವುದು ಸರಳ ಪರಿಹಾರ.

ಸ್ಥಳೀಯತೆಯ ಪ್ರಶ್ನೆ ಇಲ್ಲಿ ಮತ್ತೆ ಬರುತ್ತದೆ. ಇಲಿಜ್ವರಕ್ಕೆ ಫೈನ್ ಅಂಕಪದ್ಧತಿ ಎಂಬುದೊಂದಿದೆ. ನಮ್ಮಲ್ಲಿ ಬಳಕೆಯಲ್ಲಿರುವ ಅದರ ತಿದ್ದಿದ ರೂಪದಲ್ಲಿ ಮಳೆಗೆ 5 ಅಂಕ, ಕಲುಷಿತ ಪರಿಸರದ ಸಂಪರ್ಕಕ್ಕೆ 4, ಕೆಂಪುಕಣ್ಣಿಗೆ 4, ಕಾಮಾಲೆಗೆ 1. ಮಳೆಯನ್ನು ಗಮನಿಸಿದ್ದು ಸರಿಯೇ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಸರಗೋಡಿನಲ್ಲಿ ಬಂದ ಪ್ರತಿಯೊಬ್ಬ ಜ್ವರದವನಿಗೂ ಆ 5 ಅಂಕ ಸಿಗುತ್ತದೆ. ಎಲ್ಲರಿಗೂ ಸಿಗುವ ಅಂಕ ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸುವುದಿಲ್ಲ. ಆದ್ದರಿಂದ ಋತುವನ್ನು ಚಿಹ್ನೆಗಳ ಸಾಲಿನಲ್ಲಿ ಇಡದೆ, ಆರಂಭದ ಪ್ರಮಾಣದಲ್ಲಿ ಇಡುವುದು ಉತ್ತಮ: ಜುಲೈಗೆ ಒಂದು ಪ್ರಮಾಣ, ಫೆಬ್ರವರಿಗೆ ಇನ್ನೊಂದು. ಆ ಪ್ರಮಾಣವನ್ನು ಹಿಂದಿನ ವರ್ಷಗಳ ಸ್ವಂತ ದಾಖಲೆಗಳಿಂದಲೇ ತೆಗೆಯಬೇಕು.

ಪರೀಕ್ಷೆಯ ಫಲಿತಾಂಶಗಳಿಗೂ ದಿನದ ಲೆಕ್ಕ ಜೋಡಿಸದೆ ತೂಕ ಕೊಡಬಾರದು. ಡೆಂಗಿಯ ಎನ್‌ಎಸ್‌1 ಎಂಬ, ವೈರಸ್ಸಿನ ಪ್ರೋಟೀನನ್ನು ಹುಡುಕುವ ಪರೀಕ್ಷೆ ಮೊದಲ ಐದು ದಿನಗಳಲ್ಲಿ ಉಪಯುಕ್ತ, ದೇಹ ಹುಟ್ಟಿಸುವ ಪ್ರತಿಕಾಯವನ್ನು ಹುಡುಕುವ ಐಜಿಎಂ ಸುಮಾರು ಐದನೆಯ ದಿನದ ನಂತರ. ಇಲಿಜ್ವರದ ಐಜಿಎಂ ಕೂಡ ಮೊದಲ ವಾರದ ಕೊನೆಯವರೆಗೆ ನೆಗೆಟಿವ್ ಬರಬಹುದು. ಎರಡನೆಯ ದಿನದ ನೆಗೆಟಿವ್ ಐಜಿಎಂ ನೋಡಿ ರೋಗವನ್ನು ತಳ್ಳಿಹಾಕುವ ವ್ಯವಸ್ಥೆ ಇಲ್ಲದಿರುವುದೇ ಒಳ್ಳೆಯದು.

ಹಂತ 6: ಉಪಕರಣ

ಇದನ್ನು ಬೇಗ ಹೇಳಿ ಮುಗಿಸಬಹುದು. ನಾಸಾದಲ್ಲಿ 1985ರಲ್ಲಿ ಹುಟ್ಟಿದ ಕ್ಲಿಪ್ಸ್ ಇಂದಿಗೂ ಉಚಿತವಾಗಿ ಸಿಗುವ, ನಂಬಬಹುದಾದ ತರ್ಕಯಂತ್ರ; ಜಾವಾ ಬಲ್ಲವರಿಗೆ ಡ್ರೂಲ್ಸ್ ಇದೆ; ಐವತ್ತು ನೂರು ನಿಯಮಗಳಿಗೆ ಪೈಥಾನ್‌ನಲ್ಲಿ ಸ್ವಂತ ಯಂತ್ರ ಬರೆದರೂ ಸಾಕು. ಮುಖ್ಯವಾದದ್ದು ಅದು ಇಂಟರ್ನೆಟ್ ಇಲ್ಲದೆಯೂ ಆಸ್ಪತ್ರೆಯ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಓಡಬೇಕು ಎಂಬುದು. ಜ್ವರ ಹೆಚ್ಚುವ ಗಾಳಿಮಳೆಯ ದಿನಗಳಲ್ಲೇ ನಮ್ಮಲ್ಲಿ ಕರೆಂಟು ಮತ್ತು ನೆಟ್ ಎರಡೂ ಹೋಗುತ್ತವೆ. ಚಾಟ್ ಜಿಪಿಟಿಯಂಥ ಇಂದಿನ ದೊಡ್ಡ ಭಾಷಾ ಮಾದರಿಗಳನ್ನು ರೋಗಿಯ ಮಾತನ್ನು ಸಂಕೇತಗಳಿಗೆ ಹೊಂದಿಸುವ ಕೆಲಸಕ್ಕೆ ಬಳಸಬಹುದು, ವೈದ್ಯರು ಒಮ್ಮೆ ನೋಡಿ ಒಪ್ಪುವ ಷರತ್ತಿನ ಮೇಲೆ. ತೀರ್ಮಾನದ ಸರಪಳಿಯನ್ನು ಮಾತ್ರ ಸಾಲು ಸಾಲಾಗಿ ಓದಬಲ್ಲ ನಿಯಮಗಳಲ್ಲಿಯೇ ಇಡಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಹಂತ 7: ಪರದೆಯ ಮೇಲೆ ಏನು ಕಾಣಬೇಕು

ಮೈಸಿನ್‌ಗೆ ಆದದ್ದು ನಮಗೆ ಆಗಬಾರದು. ವಯಸ್ಸು, ಕಸುಬು, ಊರು, ಜ್ವರದ ದಿನ, ಉಷ್ಣತೆ ಇವನ್ನು ನರ್ಸ್ ಚೀಟಿ ಬರೆಯುವಾಗಲೇ ತುಂಬಬೇಕು. ವೈದ್ಯರ ಪಾಲಿಗೆ ಉಳಿಯುವುದು ಹತ್ತು ಹನ್ನೆರಡು ಒತ್ತುಗಳಿಗಿಂತ ಹೆಚ್ಚಿರಬಾರದು. ಉತ್ತರವಾಗಿ ಒಂದೇ ರೋಗದ ಹೆಸರನ್ನು ಕೊಡದೆ, ಮೂರು ಸಾಧ್ಯತೆಗಳನ್ನು, ಪ್ರತಿಯೊಂದರ ಪರವಾಗಿರುವ ಮತ್ತು ವಿರುದ್ಧವಾಗಿರುವ ಚಿಹ್ನೆಗಳ ಸಹಿತ ತೋರಿಸಬೇಕು. ವಿರುದ್ಧ ಚಿಹ್ನೆಗಳನ್ನು ತೋರಿಸದ ಸಲಹೆ ವೈದ್ಯರನ್ನು ಮೊದಲ ಊಹೆಗೇ ಕಟ್ಟಿಹಾಕುತ್ತದೆ. ಇವುಗಳ ಕೆಳಗೆ ‘ತಪ್ಪಿಸಬಾರದ್ದು’ ಎಂಬ ಇನ್ನೊಂದು ಸಾಲು ಇರಲಿ. ಸಾಧ್ಯತೆ ಕಡಿಮೆಯಿದ್ದರೂ ತಪ್ಪಿದರೆ ಪ್ರಾಣಕ್ಕೆ ಎರವಾಗುವ ರೋಗಗಳು ಅಲ್ಲಿಗೆ ಬರಬೇಕು.

ಕೆಂಪು ಎಚ್ಚರಿಕೆಗಳನ್ನು ಕಂಜೂಸಿಯಿಂದ ಬಳಸಬೇಕು. ಸಾವಿರ ಮಂದಿಯಲ್ಲಿ ಹತ್ತು ಜನರಿಗೆ ಇರುವ ರೋಗವೊಂದನ್ನು ನಮ್ಮ ನಿಯಮ ಶೇಕಡಾ 90ರಷ್ಟು ಹಿಡಿಯುತ್ತದೆ, ರೋಗವಿಲ್ಲದವರನ್ನೂ ಶೇಕಡಾ 90ರಷ್ಟು ಸರಿಯಾಗಿ ಬಿಡುತ್ತದೆ ಎಂದುಕೊಳ್ಳಿ. ಒಂಬತ್ತು ಮಂದಿ ನಿಜವಾದ ರೋಗಿಗಳು ಸಿಗುತ್ತಾರೆ, ಅವರ ಜೊತೆಗೆ ರೋಗವಿಲ್ಲದ 99 ಮಂದಿಗೂ ಎಚ್ಚರಿಕೆ ಬರುತ್ತದೆ. 108 ಎಚ್ಚರಿಕೆಗಳಲ್ಲಿ 99 ಸುಳ್ಳಾದರೆ ಎರಡನೆಯ ವಾರದಿಂದ ಯಾರೂ ಅದನ್ನು ಓದುವುದಿಲ್ಲ, ಸತ್ಯವಾದ ಒಂಬತ್ತೂ ಆ ಗದ್ದಲದಲ್ಲಿ ಮುಳುಗುತ್ತವೆ. ನಮ್ಮಲ್ಲಿ ಹಾಗೆಯೇ ಆಯಿತು. ಕೆಂಪು ಎಚ್ಚರಿಕೆಗಳನ್ನು ಹತ್ತೊಂಬತ್ತರಿಂದ ನಾಲ್ಕಕ್ಕೆ ಇಳಿಸಿದ ಮೇಲೆ ವೈದ್ಯರು ಮತ್ತೆ ಅವುಗಳ ಕಡೆ ನೋಡಲು ತೊಡಗಿದರು.

ಹಂತ 8: ಪರೀಕ್ಷೆ

ನಿಯಮ ಬರೆಯಲು ಬಳಸಿದ ಪ್ರಕರಣಗಳನ್ನೇ ಪರೀಕ್ಷೆಗೂ ಬಳಸಿದರೆ ವ್ಯವಸ್ಥೆ ಯಾವಾಗಲೂ ಗೆಲ್ಲುತ್ತದೆ. ಮೊದಲ ದಿನವೇ ಮೂರನೆಯ ಒಂದು ಭಾಗದ ಚೀಟಿಗಳನ್ನು ಬೇರೆ ಲಕೋಟೆಯಲ್ಲಿ ಮುಚ್ಚಿಡಬೇಕು. ಸರಿಯುತ್ತರ ಯಾವುದೆಂಬುದನ್ನು ಪ್ರಯೋಗಾಲಯದ ದೃಢೀಕರಣದಿಂದ ಅಥವಾ ವ್ಯವಸ್ಥೆಯ ಸಲಹೆಯನ್ನು ನೋಡದ ಇಬ್ಬರು ವೈದ್ಯರ ಒಮ್ಮತದಿಂದ ನಿಗದಿಪಡಿಸಬೇಕು. ಒಟ್ಟು ನಿಖರತೆಯ ಒಂದೇ ಅಂಕಿಯನ್ನು ನೋಡಿ ಸಮಾಧಾನಪಡಬಾರದು. ಎಲ್ಲರಿಗೂ ‘ವೈರಲ್ ಜ್ವರ’ ಎಂದು ಹೇಳುವ ಯಂತ್ರಕ್ಕೂ ಒಳ್ಳೆಯ ಅಂಕಿಯೇ ಬರುತ್ತದೆ. ತಪ್ಪಿದ ಪ್ರತಿಯೊಂದು ಅಪಾಯಕಾರಿ ಪ್ರಕರಣವನ್ನೂ ಕೈಯಲ್ಲಿ ಹಿಡಿದು, ಯಾವ ನಿಯಮ ಏಕೆ ಸೋತಿತು ಎಂದು ನೋಡಬೇಕು.

ಅದಾದ ಮೇಲೆ ಒಂದು ಇಡೀ ಮಳೆಗಾಲ ವ್ಯವಸ್ಥೆಯು ಮೌನವಾಗಿ ಓಡಲಿ: ವಿವರಗಳನ್ನು ಪಡೆದು ಸಲಹೆಯನ್ನು ದಾಖಲಿಸಲಿ, ಆದರೆ ವೈದ್ಯರಿಗೆ ತೋರಿಸದಿರಲಿ. ಮಳೆಗಾಲ ಮುಗಿದ ಮೇಲೆ ಹೋಲಿಸಿ ನೋಡಿದರೆ ಅದು ತೋರಿಸಲು ಯೋಗ್ಯವೋ ಅಲ್ಲವೋ ಎಂಬುದು ತಿಳಿಯುತ್ತದೆ. ಮುಂದಿನ ಹೆಜ್ಜೆಯಲ್ಲಿ, ವೈದ್ಯರು ಮೊದಲು ತಮ್ಮ ಊಹೆಯನ್ನು ಬರೆದ ಮೇಲೆಯೇ ಸಲಹೆ ತೆರೆಯುವಂತೆ ಮಾಡಬೇಕು. ಇಲ್ಲದಿದ್ದರೆ ಕಿರಿಯ ವೈದ್ಯರು ಯೋಚಿಸುವುದನ್ನೇ ಬಿಟ್ಟುಬಿಡುವ ಅಪಾಯವಿದೆ.

ಹಂತ 9: ಕಾನೂನು ಮತ್ತು ಗೌಪ್ಯತೆ

ಭಾರತದಲ್ಲಿ ರೋಗನಿದಾನಕ್ಕೆಂದು ಮಾಡಿದ ಸಾಫ್ಟ್‌ವೇರ್ ಕೂಡ 2020ರಿಂದ ವೈದ್ಯಕೀಯ ಸಾಧನದ ವ್ಯಾಖ್ಯೆಯೊಳಗೆ ಬರುತ್ತದೆ. ಆಸ್ಪತ್ರೆಯಿಂದ ಹೊರಗೆ ಹಂಚುವ ಅಥವಾ ಮಾರುವ ಯೋಚನೆಯಿದ್ದರೆ 2017ರ ವೈದ್ಯಕೀಯ ಸಾಧನಗಳ ನಿಯಮಗಳನ್ನು ಓದಿಯೇ ಮುಂದುವರಿಯಬೇಕು. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ಯಂತ್ರವು ರೋಗಿಗೆ ನೇರವಾಗಿ ಸಲಹೆ ಕೊಡುವಂತಿಲ್ಲ, ಔಷಧ ಬರೆಯುವಂತಿಲ್ಲ. ನೋಂದಾಯಿತ ವೈದ್ಯರಿಗೆ ನೆರವಾಗಬಹುದು. ವೈದ್ಯಕೀಯ ಕ್ಷೇತ್ರದ ಕೃತಕ ಬುದ್ಧಿಮತ್ತೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ನೈತಿಕ ಮಾರ್ಗಸೂಚಿ ಹೊರಡಿಸಿದೆ, ಅದೇ ವರ್ಷ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯೂ ಬಂದಿದೆ. ರೋಗಿಯ ಒಪ್ಪಿಗೆಯ ಪತ್ರ ಅವರು ಓದಬಲ್ಲ ಭಾಷೆಯಲ್ಲಿರಬೇಕು. ಗಡಿನಾಡಿನಲ್ಲಿ ಅದರ ಅರ್ಥ ಕನ್ನಡ ಮತ್ತು ಮಲಯಾಳ ಎರಡೂ. ಹಳ್ಳಿಯ ಹೆಸರು, ವಯಸ್ಸು, ಕಸುಬು ಮೂರು ಸೇರಿದರೆ ಸಣ್ಣ ಊರಿನಲ್ಲಿ ಹೆಸರಿಲ್ಲದೆಯೂ ವ್ಯಕ್ತಿಯನ್ನು ಗುರುತಿಸಬಹುದು ಎಂಬುದನ್ನು ದಾಖಲೆಗಳನ್ನು ಹೊರಗೆ ಕೊಡುವಾಗ ನೆನಪಿಡಬೇಕು.

ಹಂತ 10: ಪಟ್ಟಿಯಲ್ಲಿಲ್ಲದ್ದಕ್ಕೆ ಒಂದು ಬಾಗಿಲು

1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ಎಣ್ಮಕಜೆಯ ಪಡ್ರೆಯಲ್ಲಿ ಕ್ಲಿನಿಕ್ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ್ ಕುಮಾರ್ ಅವರು ತಮ್ಮ ಬಳಿಗೆ ಬರುತ್ತಿದ್ದ ಕುಟುಂಬಗಳಲ್ಲಿ ಅಸಹಜವಾದ ಕಾಯಿಲೆಗಳು ಗುಂಪಾಗಿ ಕಾಣುತ್ತಿವೆ ಎಂಬುದನ್ನು ಗಮನಿಸಿ, ಬರೆದಿಟ್ಟು, ಹೊರಗಿನವರಿಗೆ ತಿಳಿಸಿದರು. ಅಂದು ಅವರ ಮೇಜಿನ ಮೇಲೆ ಯಾವ ಪರಿಣತ ವ್ಯವಸ್ಥೆಯನ್ನು ಇಟ್ಟಿದ್ದರೂ ಅದು ಪ್ರತಿ ರೋಗಿಗೂ ತನಗೆ ಗೊತ್ತಿದ್ದ ಒಂದು ಹೆಸರನ್ನು ಅಂಟಿಸಿ ಕಳುಹಿಸುತ್ತಿತ್ತು. ನಿಯಮಗಳು ಬಲ್ಲದ್ದನ್ನು ಮಾತ್ರ ಹೇಳುತ್ತವೆ.

ಆದ್ದರಿಂದ ಪರದೆಯ ಮೇಲೆ, ಮೂರು ಸಾಧ್ಯತೆಗಳಷ್ಟೇ ದೊಡ್ಡ ಅಕ್ಷರದಲ್ಲಿ, ‘ಇದು ಯಾವುದಕ್ಕೂ ಹೊಂದುತ್ತಿಲ್ಲ’ ಎಂಬ ಗುಂಡಿ ಇರಬೇಕು. ಅದನ್ನು ಒತ್ತಿದರೆ ವೈದ್ಯರು ತಮ್ಮ ಮಾತಿನಲ್ಲಿ ಎರಡು ಸಾಲು ಬರೆಯಲು ಜಾಗ ತೆರೆಯಬೇಕು, ವಯಸ್ಸು, ಊರು, ಕಸುಬು, ಕಾಯಿಲೆ ಆರಂಭವಾದ ದಿನ ತಾವಾಗಿಯೇ ಅದಕ್ಕೆ ಸೇರಬೇಕು. ತಿಂಗಳಿಗೊಮ್ಮೆ ವೈದ್ಯರು, ನರ್ಸ್‌ಗಳು ಮತ್ತು ಪ್ರೋಗ್ರಾಂ ಬರೆದವರು ಒಂದು ಗಂಟೆ ಒಟ್ಟಿಗೆ ಕೂತು, ಮೊದಲು ಈ ಟಿಪ್ಪಣಿಗಳನ್ನು, ನಂತರ ಮರುಪರಿಶೀಲನೆಯ ದಿನ ಬಂದಿರುವ ನಿಯಮಗಳನ್ನು ಗಟ್ಟಿಯಾಗಿ ಓದಬೇಕು. ಪಂಚಾಯತಿನ ಒಂದೇ ವಾರ್ಡಿನಿಂದ ಇಂಥ ಮೂರು ಟಿಪ್ಪಣಿಗಳು ಬಂದರೆ ಪ್ರೋಗ್ರಾಂ ಅವನ್ನು ಒಟ್ಟುಗೂಡಿಸಿ, ಜಿಲ್ಲೆಯ ರೋಗ ಸರ್ವೇಕ್ಷಣ ವಿಭಾಗಕ್ಕೆ ಕಳುಹಿಸುವ ಪತ್ರದ ಕರಡನ್ನು ಸಿದ್ಧಮಾಡಿ, ವೈದ್ಯರ ಸಹಿಗಾಗಿ ಮೇಜಿನ ಮೇಲೆ ಇಡಬೇಕು.